ಎರಡು ಮ್ಯಾಪು, ಒಂದು ಕಟ್ಟಿ

ಭಾಗ್ಯನಗರದ ಗೋದಾಮಿನ್ಯಾಗ ಬೆಳಿಗ್ಗೆ ಏಳಕ್ಕ
ತೂಕ ಮಾಡಿ ಕೊಡ್ತಾರ ಸಿಕ್ಕುಗೂದಲ ಚೀಲ.
ಯಾರ ತಲಿಯದೋ, ಯಾವ ಊರ ಬಾಚಣಿಕಿಯದೋ;
ಹಳ್ಳಿಗೊಯ್ದು ಹಂಚಬೇಕು, ಬಿಡಿಸಿದ್ದು ತರಬೇಕು.
ಗಾಡಿ ಹ್ಯಾಂಡಲ್ಲಿಗೆ ರಬ್ಬರು ಸುತ್ತಿ ಕಟ್ಟೀನಿ
ಎರಡು ಫೋನು. ಒಂದು ನಂದು,
ಇನ್ನೊಂದು ಗಾಜು ಸೀಳಿದ್ದು, ರಾಜಾಸಾಬ ಕೆಲಸ ಬಿಡೋ ದಿನ
"ಇಟ್ಕೋ, ಸಿಮ್ಮಿಲ್ದಿದ್ರೂ ಹಾದಿ ತೋರಸ್ತೈತಿ" ಅಂತ ಕೊಟ್ಟದ್ದು.

ನನ್ನ ಫೋನಿನಾಕಿ ಮಾತಿನಾಕಿ.
"ಮುನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ",
ಶಾಲಿ ಪುಸ್ತಕದ ಕನ್ನಡ, ಒಂದಕ್ಷರ ತಪ್ಪಂಗಿಲ್ಲ,
ಕಿನ್ನಾಳ ಮಾತ್ರ "ಕಿನ್ನಲ್" ಅಂತಾಳ.
ಗಿಣಿಗೇರಿ ಕಡೆ ಲಾರಿ ಸಾಲುಗಟ್ಟಿದ್ರ
ಗೆರಿ ಕೆಂಪಗ ಮಾಡಿ ಎಚ್ಚರಸ್ತಾಳ,
ರೈಲ್ವೆ ಗೇಟು ಬಿದ್ದದ್ದು ತಿಳಿಯಂಗಿಲ್ಲ ಆಕಿಗೆ;
"ನೇರವಾಗಿ ಮುಂದುವರಿಯಿರಿ" ಅಂತಾಳ
ನಾ ಗೂಡ್ಸಿನ ಡಬ್ಬಿ ಎಣಿಸಿಕೋತ ನಿಂತಾಗ.

ರಾಜಾಸಾಬನ ಫೋನಿನಂವ ಮೂಕ.
ನೆಟ್ಟು ಬೇಡಂಗಿಲ್ಲ, ಅವಸರ ಮಾಡಂಗಿಲ್ಲ.
ಆದ್ರ ಹಿರೇಹಳ್ಳದ ದಂಡಿಗುಂಟ
ಕೂದಲೆಳಿಯಷ್ಟು ಸಣ್ಣ ಚುಕ್ಕಿಗೆರಿ ಐತಿ ಅವನ ಹಂತೇಕ,
ಯಾವನೋ ನಡದು ಗುರುತು ಹಾಕಿದ್ದು.
ಆ ಬಂಡಿಜಾಡು ಹಿಡದ್ರ ಇಪ್ಪತ್ತು ನಿಮಿಷ ಉಳೀತೈತಿ.
ಅಂಗಡಿ ಮುಂಗಟ್ಟೆಲ್ಲ ಹಳೇವು ಅವನವು:
ಮುಚ್ಚಿ ಮೂರು ವರ್ಷಾದ ಪೆಟ್ರೋಲ್ ಬಂಕಿನ ತನಕ
ಅವನ್ನ ನಂಬಿ ಗಾಡಿ ತಳ್ಳೀನಿ.

ಮೊದಲನೇ ವಾರ ಬೆಟಗೇರಿ ಅಂತ ಒತ್ತಿದೆ.
ಮಾತಿನಾಕಿ ಗದಗಿನ ಕಡೆ ಮುಖ ಮಾಡಿಸಿದಳು.
ಆ ಬೆಟಗೇರಿ ಬ್ಯಾರೆ, ಈ ಬೆಟಗೇರಿ ಬ್ಯಾರೆ
ಅನ್ನೂದು ಬನ್ನಿಕೊಪ್ಪದ ಚಾದಂಗಡ್ಯಾಗ ತಿಳೀತು.
"ನೀವೊಬ್ರಽ ಅಲ್ರಿ," ಅಂದ ಚಾದಂವ ಸಕ್ರಿ ಕಲಸಿಕೋತ,
"ಮೊನ್ನೆ ಬೀಗರ ಜೀಪೂ ಹೀಂಗ ಬಂದಿತ್ತು."

ಮೂರನೇದು ಮಂದಿ ಬಾಯಿ.
"ಇಲ್ಲೇ ಐತ್ರಿ" ಅಂದ್ರ ಅರ್ಧ ಮೈಲಿಯೂ ಇರಬಹುದು, ಐದೂ.
"ಬೇವಿನ ಗಿಡ ಇತ್ತಲ್ರಿ, ಅಲ್ಲಿ ಬಲಕ್ಕ ಹೊಳ್ರಿ."
ಗಿಡ ಕಡದು ಒಂಬತ್ತು ವರ್ಷ.
ಫೋನಿಗೆ ಇರೂದು ಕಾಣತೈತಿ, ಮಂದಿಗೆ ಇದ್ದದ್ದು,
ನಾ ನಡುವ, ಒಂದು ಕಾಲು ನೆಲಕ್ಕೂರಿ, ಗಾಡಿ ಬಂದ್ ಮಾಡದ.

ಫಕೀರವ್ವನ ಮನಿ ಯಾವುದರಾಗೂ ಇಲ್ಲ.
ಬ್ಯಾಂಡಿನ ಈರಪ್ಪನ ಮನಿ ಅಂತ ಕೇಳಬೇಕು;
ಬ್ಯಾಂಡು ಮಾರಿ ಈರಪ್ಪ ಈಗ ಕುರಿ ಕಾಯ್ತಾನ.
ಕಲ್ಲಕಟ್ಟಿ ಮ್ಯಾಲ ಆರು ಮಂದಿ ಹೆಣಮಕ್ಕಳು,
ಮಡಿಲಾಗ ಕರೀ ಮೋಡದಂಥ ಗಂಟು.
ಸೂಜಿ ತುದಿಲೆ ಒಂದೊಂದ ಎಳಿ ಎತ್ತಿಕೋತ ಕೇಳಿದಳು:
"ಎರಡ್ಯಾಕೋ ಬೇಕು? ಒಂದು ಸುಳ್ಳು ಹೇಳತೈತೇನು?"
"ಎರಡೂ ಖರೇನ ಹೇಳತಾವ ಯವ್ವಾ, ಅರ್ಧರ್ಧ."
"ಹಂಗಾದ್ರ ನಮ್ಮ ಕಟ್ಟಿನೂ ಹಾಕು ಅದರಾಗ.
ಈರಪ್ಪಂದು ಅಂತಲ್ಲ. ನನ್ನ ಹೆಸರಿಗೆ."

ಬಟ್ಟು ಒತ್ತಿ ಹಿಡದೆ. ಕೆಂಪು ಗುಂಡುಪಿನ್ನು ಇಳೀತು.
ಫಕೀರವ್ವನ ಕಟ್ಟಿ, ಕೂದಲ ಕೆಲಸ, ಅಂತ ಬರದೆ.
"ನಿಮ್ಮ ಸಲಹೆ ಪರಿಶೀಲನೆಯಲ್ಲಿದೆ" ಅಂತು ಒಂದು ಫೋನು.
ಮೂಕಂವ ಏನೂ ಕೇಳಲಿಲ್ಲ, ಇಟ್ಟುಕೊಂಡ.

ಇಪ್ಪತ್ತೆರಡು ದಿನಕ್ಕ ಮಂಜೂರಾತು.
ಎರಡು ಬಟ್ಟಿಲೆ ಹಿಗ್ಗಿಸಿ ನೋಡಿದಳು, ಹಿಗ್ಗಿದಳು.
"ಊರಿನಕಿಂತ ನನ್ನ ಹೆಸರಽ ದೊಡ್ಡದಾತಲ್ಲೋ!"

ಮುಂದಿನ ಬುಧವಾರ ಕಟ್ಟಿ ಮುಂದ ಬ್ಯಾರೆ ಗಾಡಿ.
ಬ್ಯಾರೆ ಗೋದಾಮಿನ ಚೀಲ, ಕಿಲೋಕ್ಕ ಹದಿನೈದು ರೂಪಾಯಿ ಮ್ಯಾಲ.
ಹುಡುಗನ ಹ್ಯಾಂಡಲ್ಲಿನ್ಯಾಗ ಒಂದಽ ಫೋನು,
ಅದರಾಗ ನನ್ನ ಗುಂಡುಪಿನ್ನು.
ಫಕೀರವ್ವ ಅವನ ಚೀಲದಾಗ ಕೈಯಾಡಿಸಿದಳು, ನಂದರಾಗೂ.
"ನಿಂದೂ ಇರಲಿ ಬಿಡು. ರೇಟು ಮಾತ್ರ ಅವಂದು."

ಹೊರಡುವಾಗ ಹುಡುಗ ಹತ್ತರ ಬಂದ:
"ಅಣ್ಣಾ, ಹಳ್ಳದ ದಂಡಿಗುಂಟ ಒಳದಾರಿ ಐತಂತಲ್ಲ,
ಇದರಾಗ ಕಾಣವಲ್ದು. ಎಲ್ಲೈತಿ?"

ಒಡೆದ ಫೋನು ಕಿಸೆಕ್ಕ ಹಾಕಿಕೊಂಡೆ.
"ಇಲ್ಲೇ ಐತಿ," ಅಂದೆ.